ಕೀನ್ಯಾಕ್ಕೆ ಒಂಬತ್ತು ವಿದ್ಯಾರ್ಥಿಗಳು: ಮುಚ್ಚಳಿಕೆಯಿಂದ ಹಳದಿ ಕಾರ್ಡಿನವರೆಗೆ

2024ರ ಜೂನ್ 15ರಂದು ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು ಕೃಷಿ ಸ್ನಾತಕೋತ್ತರ ತರಗತಿಯ ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಕೀನ್ಯಾಕ್ಕೆ ಹೊರಟೆವು. ಹದಿನೈದು ದಿನಗಳ ಆ ಪ್ರವಾಸಕ್ಕೆ ಏಳು ತಿಂಗಳ ಸಿದ್ಧತೆ ಬೇಕಾಯಿತು, ಹಿಂದಿರುಗಿದ ಮೇಲೂ ಅದು ಮುಗಿಯಲಿಲ್ಲ. ರಾಗಿಯ ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು ಎಂಬುದನ್ನು ಪಾಠದಲ್ಲಿ ಓದಿದ್ದ ಮಕ್ಕಳಿಗೆ, ಅಲ್ಲಿನವರು 'ವಿಂಬಿ' ಎಂದು ಕರೆಯುವ ಆ ಬೆಳೆಯನ್ನು ಅದರ ನೆಲದಲ್ಲೇ ತೋರಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಬೆಳೆಯ ವಿಷಯವನ್ನು ಬೇರೆಡೆ ಬರೆಯುತ್ತೇನೆ. ಮಕ್ಕಳನ್ನು ಹೊರದೇಶಕ್ಕೆ ಕರೆದೊಯ್ಯಲು ಹೊರಟಿರುವ ಇತರ ಅಧ್ಯಾಪಕರಿಗೆ ನಾವು ಎಡವಿದ ಜಾಗಗಳು ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನವೆಂಬರ್‌ನಲ್ಲಿ ಆಹ್ವಾನ ಪತ್ರ ಬಂತು. ಕಡತ ವಿಭಾಗದಿಂದ ಡೀನ್ ಕಚೇರಿಗೆ, ಅಲ್ಲಿಂದ ಕುಲಸಚಿವರಲ್ಲಿಗೆ, ಅಲ್ಲಿಂದ ಹಣಕಾಸು ಅಧಿಕಾರಿಗಳಲ್ಲಿಗೆ ಹೋಗಿ, ಪ್ರತಿ ಮೇಜಿನಲ್ಲೂ ಒಂದೊಂದು ಟಿಪ್ಪಣಿ ಹೊತ್ತು ಜನವರಿಯ ಕೊನೆಗೆ ನನ್ನ ಕೈಗೆ ಮರಳಿತು. ಸುರಕ್ಷತೆಯ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಪ್ರವಾಸದಲ್ಲಿ ಯಾವುದೇ ಅವಘಡ ಸಂಭವಿಸಿದಲ್ಲಿ ವಿಶ್ವವಿದ್ಯಾಲಯ ಹೊಣೆಯಲ್ಲವೆಂದು ಪ್ರತಿಯೊಬ್ಬ ಪೋಷಕರಿಂದ ನೂರು ರೂಪಾಯಿ ಛಾಪಾ ಕಾಗದದ ಮೇಲೆ, ನೋಟರಿ ಸಹಿಯೊಂದಿಗೆ, ಮುಚ್ಚಳಿಕೆ ಪಡೆಯತಕ್ಕದ್ದು. ಮಗು ಜ್ವರದಲ್ಲಿ ಮಲಗಿದರೆ ಯಾರಿಗೆ ಕರೆ ಮಾಡಬೇಕು, ರಾತ್ರಿ ಹನ್ನೊಂದಕ್ಕೆ ಆ ಕರೆಯನ್ನು ಯಾರು ಎತ್ತುತ್ತಾರೆ, ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು ಎಲ್ಲಿಯೂ ಇರಲಿಲ್ಲ. ಒಂಬತ್ತು ಮುಚ್ಚಳಿಕೆಗಳನ್ನೂ ನಾನು ಪಡೆದು ಲಗತ್ತಿಸಿದೆ. ತುರುವೇಕೆರೆ ಕಡೆಯ ಒಬ್ಬ ತಂದೆ ಸಹಿ ಹಾಕಿ ಪೆನ್ನನ್ನು ಹಿಂದಿರುಗಿಸುತ್ತಾ, "ಇದ್ರಲ್ಲಿ ಬರ್ದಿರೋದು ನಂಗ್ ಬ್ಯಾಡ ಮೇಡಮ್ಮೋರೆ, ಮಗೀನ ನಿಮ್ ಮಡ್ಲಿಗ್ ಹಾಕಿವ್ನಿ" ಎಂದರು. ಆ ಮಾತಿನ ಭಾರದ ಮುಂದೆ ಛಾಪಾ ಕಾಗದ ಬಹಳ ಹಗುರವೆನ್ನಿಸಿತು.

ಆ ದಿನ ಸಂಜೆ ಕುಳಿತು ನಾನು ಮಾಹಿತಿಯ ಹಾಳೆಯೊಂದನ್ನು ಸಿದ್ಧಪಡಿಸಿದೆ. ಪ್ರತಿ ವಿದ್ಯಾರ್ಥಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ರಕ್ತದ ಗುಂಪು, ಮನೆಯ ಎರಡು ದೂರವಾಣಿ ಸಂಖ್ಯೆ, ವಿಮಾ ಪಾಲಿಸಿ ಸಂಖ್ಯೆ, ದಿನವಾರು ತಂಗುವ ಸ್ಥಳ, ನೈರೋಬಿಯ ಭಾರತೀಯ ಹೈಕಮಿಷನ್ನಿನ ಸಂಪರ್ಕ, ಕೀನ್ಯಾದ ತುರ್ತು ಸಂಖ್ಯೆಗಳಾದ 999 ಮತ್ತು 112. ಕೆಳಗೆ ಮೂರು ಸಾಲಿನ ನಿಯಮ: ಗಲಭೆ ಅಥವಾ ಪ್ರವಾಹದ ಸುದ್ದಿ ಬಂದರೆ ಇದ್ದಲ್ಲೇ ಇರುವುದು, ಮುಂದಿನ ಪಯಣದ ತೀರ್ಮಾನ ಇಬ್ಬರು ಅಧ್ಯಾಪಕರದ್ದು, ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಬೇಡ, ಇಂಟರ್ನೆಟ್ ಇಲ್ಲದಿದ್ದರೆ ದಿನಕ್ಕೆರಡು ಬಾರಿ ಸಾದಾ ಎಸ್ಸೆಮ್ಮೆಸ್. ಊರಿನ ಕಡೆ ಸಂಪರ್ಕದ ವ್ಯಕ್ತಿಯಾಗಲು ಹಿರಿಯ ಅಧಿಕಾರಿಗಳಲ್ಲಿ ಕೇಳಿದಾಗ ಕಚೇರಿಯ ಸ್ಥಿರ ದೂರವಾಣಿಯ ಸಂಖ್ಯೆ ದೊರೆಯಿತು. ಅದು ಸಂಜೆ ಐದೂವರೆಯ ನಂತರ ಖಾಲಿ ಕೋಣೆಯಲ್ಲಿ ಬಡಿದುಕೊಳ್ಳುತ್ತದೆ. ಕೊನೆಗೆ ಒಪ್ಪಿಕೊಂಡವರು ನಮ್ಮ ವಿಭಾಗದ ದ್ವಿತೀಯ ದರ್ಜೆ ಸಹಾಯಕಿ. ಅವರಿಗಾಗಿ ಒಂದು ಸಾದಾ ಫೋನು, ಹೊಸ ಸಿಮ್ಮು ಕೊಂಡು ಕೊಟ್ಟೆ.

ಪಾಸ್‌ಪೋರ್ಟಿನ ಹಂತದಲ್ಲಿ ತೊಡಕಾದದ್ದು ಇನಿಷಿಯಲ್‌ಗಳಿಂದ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದಕ್ಷರ, ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಊರು ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡು ನಿಲ್ಲುತ್ತವೆ. ವಿಮಾನದ ಟಿಕೆಟ್ಟು, ವಿಮೆ, ಕೀನ್ಯಾದ ಪ್ರವೇಶಾನುಮತಿ, ಲಸಿಕೆಯ ಕಾರ್ಡು, ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರಿರಬೇಕು. ಆದ್ದರಿಂದ ಪಾಸ್‌ಪೋರ್ಟು ಕೈಗೆ ಬರುವ ಮುನ್ನ ಬೇರಾವುದನ್ನೂ ಮಾಡಿಸಬೇಡಿ. ಇಬ್ಬರಿಗೆ ಪಾಸ್‌ಪೋರ್ಟೇ ಇರಲಿಲ್ಲ. 1,500 ರೂಪಾಯಿ ಕಟ್ಟಿ ಸಾಮಾನ್ಯ ಕ್ರಮದಲ್ಲೇ ಅರ್ಜಿ ಹಾಕಿದೆವು. ಹಾಸ್ಟೆಲ್ ವಿಳಾಸ ಕೊಟ್ಟ ಹುಡುಗನಿಗೆ ಪೊಲೀಸ್ ಪರಿಶೀಲನೆ ರಜೆಯ ದಿನಗಳಲ್ಲಿ ಬಂದು, ಅವನು ಊರಲ್ಲಿದ್ದ ಕಾರಣ ಮತ್ತೆ ಮೂರು ವಾರ ತಡವಾಯಿತು. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಇಲೆಕ್ಟ್ರಾನಿಕ್ ಪ್ರಯಾಣ ಅನುಮತಿಯ ಪದ್ಧತಿ ತಂದಿದೆ. 30 ಡಾಲರ್ ಶುಲ್ಕ, ಅದರ ಮೇಲೆ ಕಾರ್ಡಿನ ಖರ್ಚು. ಇಡೀ ಪ್ರಕ್ರಿಯೆಯಲ್ಲಿ ಸಲೀಸಾಗಿ ಆದದ್ದು ಇದೊಂದೇ.

ಮಕ್ಕಳ ಆರೋಗ್ಯದ ಮಾಹಿತಿ ಸಂಗ್ರಹಿಸುವುದು ಎಷ್ಟು ನಾಜೂಕಿನ ಕೆಲಸವೆಂದು ನಾನು ಮೊದಲು ಊಹಿಸಿರಲಿಲ್ಲ. ತರಗತಿಯಲ್ಲಿ ನಮೂನೆ ಹಂಚಿದಾಗ ಒಂಬತ್ತೂ ಜನ 'ಯಾವುದೇ ಕಾಯಿಲೆ ಇಲ್ಲ' ಎಂದು ಬರೆದುಕೊಟ್ಟಿದ್ದರು. ಅಷ್ಟು ಆರೋಗ್ಯವಂತ ಪೀಳಿಗೆ ಲೋಕದಲ್ಲಿ ಇರಲಾರದೆಂಬ ಅನುಮಾನದಿಂದ ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಹೇಳಿದರೆ ಪಟ್ಟಿಯಿಂದ ತೆಗೆಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಕೇಳಿದೆ. ಒಬ್ಬ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಚೀಲದ ಒಳಜೇಬಿನಿಂದ, ಕರವಸ್ತ್ರದಲ್ಲಿ ಸುತ್ತಿದ್ದ ನೀಲಿ ಇನ್ಹೇಲರ್ ತೆಗೆದು ಮೇಜಿನ ಮೇಲಿಟ್ಟಳು. ಎರಡು ವರ್ಷದಿಂದ ರೂಂಮೇಟಿಗೂ ತಿಳಿಯದಂತೆ ಸ್ನಾನದ ಮನೆಯಲ್ಲಿ ಬಳಸುತ್ತಿದ್ದಳಂತೆ. ಅವಳ ಕಾಯಿಲೆಯನ್ನು ವಿಮಾ ಅರ್ಜಿಯಲ್ಲಿ ನಮೂದಿಸಿದೆವು. ಮೊದಲೇ ಇದ್ದ ಕಾಯಿಲೆಗೆ ನಮ್ಮ ಪಾಲಿಸಿಯಲ್ಲಿ ಪ್ರಾಣಾಪಾಯದ ಸಂದರ್ಭದಲ್ಲಷ್ಟೇ ರಕ್ಷಣೆಯಿತ್ತು. ಮುಚ್ಚಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಒಂದು ಇನ್ಹೇಲರ್ ಅವಳಲ್ಲಿ, ಇನ್ನೊಂದು ನನ್ನಲ್ಲಿ, ವೈದ್ಯರ ಚೀಟಿ ಇಬ್ಬರಲ್ಲೂ ಎಂದು ತೀರ್ಮಾನವಾಯಿತು.

ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಬಗ್ಗೆ ಹೆಚ್ಚಿನವರಿಗೆ ಇರುವ ತಪ್ಪು ತಿಳಿವಳಿಕೆ ನನಗೂ ಇತ್ತು. ಭಾರತದಿಂದ ನೇರವಾಗಿ ಹೋಗುವವರನ್ನು ಕೀನ್ಯಾ ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡು ಕೇಳುವುದಿಲ್ಲ, ಆದರೆ ಅಲ್ಲಿಂದ ಹಿಂದಿರುಗುವಾಗ ನಮ್ಮ ದೇಶ ಕೇಳುತ್ತದೆ. ಕಾರ್ಡಿಲ್ಲದೆ ಬಂದರೆ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಲಸಿಕೆ ಪಡೆದು ಹತ್ತು ದಿನ ಕಳೆದ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ, ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕಿಲ್ಲ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದು ದೊರೆಯುವುದು. ಸೀಸೆಯೊಂದನ್ನು ತೆರೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ನಾವು ಹೋದ ಬೆಂಗಳೂರಿನ ಕೇಂದ್ರದಲ್ಲಿ ವಾರದ ನಿಗದಿತ ದಿನಗಳಲ್ಲಿ, ನಿಗದಿತ ಸಂಖ್ಯೆಯ ಜನರಿಗೆ ಮಾತ್ರ ಕೊಡುತ್ತಿದ್ದರು. ಮೊದಲ ಬಾರಿ ಬೆಳಗಿನ ಬಸ್ಸಿಗೆ ಹೋದ ನಾವು ಸರದಿ ಮುಗಿದು ವಾಪಸಾದೆವು. ಎರಡನೆಯ ಬಾರಿ ಹಿಂದಿನ ರಾತ್ರಿಯೇ ಹೋಗಿ ತಂಗಿದೆವು. ತಲಾ 300 ರೂಪಾಯಿಯ ಲಸಿಕೆಗೆ ಬಸ್ಸು, ವಸತಿ ಸೇರಿ ತಲಾ 1,900 ಖರ್ಚಾಯಿತು.

ಅಲ್ಲಿ ಇನ್ನೊಂದು ಸಮಸ್ಯೆ ಎದುರಾಯಿತು. ಈ ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವುದರಿಂದ ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ ಕೊಡುವುದಿಲ್ಲ. ಸಸ್ಯಾಹಾರಿ ಮನೆತನದ ಒಬ್ಬ ಹುಡುಗ, ಚಿಕ್ಕಂದಿನಲ್ಲಿ ಗೊತ್ತಿಲ್ಲದೆ ಮೊಟ್ಟೆ ತಿಂದು ಮೈತುಂಬಾ ದದ್ದು ಎದ್ದಿತ್ತೆಂದು ಅಮ್ಮ ಹೇಳುತ್ತಿದ್ದುದನ್ನು ವೈದ್ಯರಿಗೆ ತಿಳಿಸಿದ. ಕೇಕ್ ತಿನ್ನುತ್ತೀಯಾ ಎಂದು ಅವರು ಕೇಳಿದರು. ವಾರಕ್ಕೊಮ್ಮೆ ತಿನ್ನುತ್ತೇನೆ, ಏನೂ ಆಗುವುದಿಲ್ಲ ಎಂದ. ಎಲ್ಲಿಯ ಕೇಕು ಎಂಬ ಮುಂದಿನ ಪ್ರಶ್ನೆಗೆ ಅಯ್ಯಂಗಾರ್ ಬೇಕರಿಯದು ಎಂದಾಗ ವೈದ್ಯರೂ ನಕ್ಕುಬಿಟ್ಟರು, ಏಕೆಂದರೆ ಆ ಬೇಕರಿಗಳ ಕೇಕಿಗೆ ಮೊಟ್ಟೆಯನ್ನೇ ಹಾಕುವುದಿಲ್ಲ. ಅವನನ್ನು ಅಲರ್ಜಿ ತಜ್ಞರಲ್ಲಿಗೆ ಕಳಿಸಿ, ಚರ್ಮ ಪರೀಕ್ಷೆ ಮಾಡಿಸಿ, ಅವರ ಲಿಖಿತ ಅಭಿಪ್ರಾಯದೊಂದಿಗೆ ಮರಳಿ ಲಸಿಕೆ ಹಾಕಿಸುವಷ್ಟರಲ್ಲಿ ಒಂದು ತಿಂಗಳಾಯಿತು. ಕೊನೆಯ ವಾರದಲ್ಲಿ ಲಸಿಕೆಗೆ ಹೋಗಿದ್ದರೆ ಅವನು ಪ್ರವಾಸದಿಂದ ಹೊರಗುಳಿಯುತ್ತಿದ್ದ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮತ್ತು ಅರವತ್ತು ದಾಟಿದವರು ಕೂಡ ವೈದ್ಯರೊಂದಿಗೆ ಮುಂಚಿತವಾಗಿ ಮಾತನಾಡಬೇಕು. ನಮ್ಮ ತಂಡದ ಮೊದಲ ಮುಖ್ಯಸ್ಥರು ಇದೇ ಕಾರಣಕ್ಕೆ ಹಿಂದೆ ಸರಿದರು.

ವಿಮೆಯ ಬಗ್ಗೆ ಹೇಳುವುದಾದರೆ, ದರಪಟ್ಟಿಯಲ್ಲಿ ಅತಿ ಕಡಿಮೆಯದನ್ನು ಆರಿಸುವ ಸರ್ಕಾರಿ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮೊದಲು ಬಂದ ಪಾಲಿಸಿ 50,000 ಡಾಲರ್‌ಗಳದಾಗಿದ್ದು, ರೋಗಿಯನ್ನು ವಿಮಾನದಲ್ಲಿ ಬೇರೆಡೆಗೆ ಸಾಗಿಸುವ ವೆಚ್ಚವೂ ಅದರೊಳಗೇ ಅಡಗಿತ್ತು. ಒಂದು ಲಕ್ಷ ಡಾಲರ್‌ನದಕ್ಕೆ ತಲಾ 700 ರೂಪಾಯಿಯಷ್ಟೇ ಹೆಚ್ಚು. ಆ 700ಕ್ಕಾಗಿ ನಾನು ಹಣಕಾಸು ವಿಭಾಗಕ್ಕೆ ಮೂರು ಟಿಪ್ಪಣಿ ಬರೆಯಬೇಕಾಯಿತು. ಪಾಲಿಸಿಯ ಅಪವಾದಗಳ, ಅಂದರೆ ಯಾವುದಕ್ಕೆಲ್ಲ ಪರಿಹಾರ ಸಿಗುವುದಿಲ್ಲ ಎಂಬ, ಪುಟವನ್ನು ಎಲ್ಲ ವಿದ್ಯಾರ್ಥಿಗಳ ಮುಂದೆ ಜೋರಾಗಿ ಓದಿಸಿದೆ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಕಾರ್ಯನಿರ್ವಹಿಸುವ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಪ್ರವಾಸಿಗರಿಗೂ ಅಲ್ಪಾವಧಿಯ ಸದಸ್ಯತ್ವ ಕೊಡುತ್ತದೆ. ದೂರದ ಹಳ್ಳಿಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದು ಅಗತ್ಯವೆಂದು ಆತಿಥೇಯರು ಸೂಚಿಸಿದ್ದರಿಂದ ಅದನ್ನೂ ಪಡೆದೆವು. ಅದೃಷ್ಟವಶಾತ್ ಬಳಸಬೇಕಾಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಕೀನ್ಯಾದಲ್ಲಿ ಭೀಕರ ಪ್ರವಾಹ. ಮಾಯಿ ಮಹಿಯು ಎಂಬಲ್ಲಿ ರಾತ್ರೋರಾತ್ರಿ ನೀರು ನುಗ್ಗಿ ಜನ ಕೊಚ್ಚಿಹೋದರು, ಮಸಾಯಿ ಮಾರಾದಲ್ಲಿ ತಾಲೆಕ್ ನದಿ ಉಕ್ಕಿ ಪ್ರವಾಸಿಗರ ಶಿಬಿರಗಳು ಮುಳುಗಿದವು. ಟಿವಿಯಲ್ಲಿ ಆ ದೃಶ್ಯ ಬಂದ ಸಂಜೆ ನನಗೆ ಹದಿನಾಲ್ಕು ಕರೆಗಳು ಬಂದವು. ಪೋಷಕರೆಲ್ಲರನ್ನೂ ಒಂದು ಭಾನುವಾರ ಕರೆಸಿ, ನಕಾಶೆ ಬಿಡಿಸಿ, ನಾವು ಹೋಗುವ ಪಶ್ಚಿಮ ಕೀನ್ಯಾದ ಕಾಕಮೆಗ ಎಲ್ಲಿದೆ, ಪ್ರವಾಹದ ಜಾಗಗಳು ಎಲ್ಲಿವೆ ಎಂದು ತೋರಿಸಿದೆ. ಮಾರಾದಲ್ಲಿ ಇಟ್ಟುಕೊಂಡಿದ್ದ ಎರಡು ದಿನದ ವನವಿಹಾರವನ್ನು ರದ್ದು ಮಾಡಿದೆವು. ಮಕ್ಕಳ ಮುಖ ಬಾಡಿತು. ಹೋಗಬೇಕೋ ಬೇಡವೋ ಎಂಬ ಅಳುಕಿನಲ್ಲಿ ನಾನೇ ಆ ತಿಂಗಳೆಲ್ಲ ಸರಿಯಾಗಿ ನಿದ್ದೆ ಮಾಡಲಿಲ್ಲ ಎಂಬುದನ್ನು ಅವರಿಗೆ ಹೇಳಲಿಲ್ಲ.

ಹೊರಡುವ ಮುನ್ನ ಎರಡು ಸಂಗತಿ. ಕಾಕಮೆಗ ಮಲೇರಿಯಾ ಇರುವ ಪ್ರದೇಶವಾದ್ದರಿಂದ ವೈದ್ಯರು ಎಲ್ಲರಿಗೂ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು. ಪ್ರಯಾಣಕ್ಕೆ ಮುಂಚೆ ಆರಂಭಿಸಿ, ಅಲ್ಲಿದ್ದಷ್ಟು ದಿನ ನುಂಗಿ, ಹಿಂದಿರುಗಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಕೊನೆಯ ಈ ಮಾತನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದು, ಕೀನ್ಯಾ 2017ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ. ತಾಯಂದಿರು ಮೂರು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟಿದ್ದ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹುರಿಹಿಟ್ಟುಗಳನ್ನೆಲ್ಲ ಹಾಸ್ಟೆಲ್ ವರಾಂಡದಲ್ಲಿ ಕುಳಿತು ಸ್ಟೀಲ್ ಡಬ್ಬಿಗಳಿಗೂ ಬಟ್ಟೆ ಚೀಲಗಳಿಗೂ ಸುರಿದೆವು. ರಾಗಿಯ ತವರಿಗೆ ರಾಗಿ ಹುರಿಹಿಟ್ಟು ಹೊತ್ತೊಯ್ದವರು ನಾವು.

ಮೊದಲ ವಾರ ಸುಗಮವಾಗಿ ಸಾಗಿತು. ಬೆಂಗಳೂರು, ಮುಂಬೈ, ನೈರೋಬಿ, ಕಿಸುಮು, ಅಲ್ಲಿಂದ ಸುಮಾರು 50 ಕಿಲೋಮೀಟರ್ ರಸ್ತೆಯಲ್ಲಿ ಕಾಕಮೆಗ. ಬೋಡಾ ಬೋಡಾ ಎನ್ನುವ ಬಾಡಿಗೆ ಬೈಕುಗಳನ್ನು ಯಾರೂ ಹತ್ತಕೂಡದೆಂಬ ನಿಯಮವನ್ನು ಇಬ್ಬರು ಹುಡುಗರು ಮೂರನೆಯ ದಿನವೇ ಮುರಿದು, ಹೆಲ್ಮೆಟ್ಟಿಲ್ಲದೆ ಮಾರುಕಟ್ಟೆಗೆ ಹೋಗಿ ಬಂದರು. ಬೈದು ಪ್ರಯೋಜನವಿಲ್ಲವೆಂದು ಪಾಲಿಸಿಯ ಅಪವಾದಗಳ ಪುಟವನ್ನೇ ಮತ್ತೆ ಅವರಿಂದ ಓದಿಸಿದೆ. ಹೊಲದಲ್ಲಿ ತೆನೆಯೊಂದನ್ನು ಜೇಬಿಗಿಳಿಸಿದ ಇನ್ನೊಬ್ಬನಿಂದ ಅದನ್ನು ಹಿಂದಿರುಗಿಸಿದ್ದೂ ಆಯಿತು. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿಯಿಲ್ಲದೆ ಒಂದು ಹಿಡಿ ಬೀಜವನ್ನೂ ತರುವಂತಿಲ್ಲವೆಂಬುದು ಕೃಷಿ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ್ದೇನಲ್ಲ.

ಜೂನ್ 18ರಿಂದ ನೈರೋಬಿಯಲ್ಲಿ ಹೊಸ ತೆರಿಗೆಗಳ ಹಣಕಾಸು ಮಸೂದೆಯ ವಿರುದ್ಧ ಯುವಜನರ ಪ್ರತಿಭಟನೆ ಆರಂಭವಾಗಿತ್ತು. ನಮ್ಮ ಕಾರ್ಯಕ್ರಮದ ಪ್ರಕಾರ 24ರಂದು ನೈರೋಬಿಗೆ ಮರಳಿ, ನಗರದ ನಡುವಿನ ಹೋಟೆಲಿನಲ್ಲಿ ನಾಲ್ಕು ದಿನ ತಂಗಬೇಕಿತ್ತು. ಆತಿಥೇಯ ಸಂಸ್ಥೆಯ ಚಾಲಕರು, "ಮಂಗಳವಾರ ಒಳ್ಳೆಯ ದಿನವಾಗಿರುವುದಿಲ್ಲ" ಎಂದಷ್ಟೇ ಹೇಳಿದರು. ಸಹೋದ್ಯೋಗಿ ಹೋಗೋಣವೆಂದರು, ನಾನು ಬೇಡವೆಂದೆ. ಹಾಳೆಯ ನಿಯಮದಂತೆ ಬೇಡವೆಂಬುದೇ ಗೆದ್ದಿತು. 25ರ ಮಧ್ಯಾಹ್ನ ಪ್ರತಿಭಟನಕಾರರು ಸಂಸತ್ ಭವನಕ್ಕೆ ನುಗ್ಗಿದರು, ಗುಂಡು ಹಾರಿತು, ಜನ ಸತ್ತರು. ಭಾರತೀಯ ಹೈಕಮಿಷನ್ ಭಾರತೀಯರೆಲ್ಲರೂ ಅತ್ಯಂತ ಎಚ್ಚರದಿಂದಿರಬೇಕು, ಅನಗತ್ಯ ಓಡಾಟ ನಿಲ್ಲಿಸಬೇಕು ಎಂದು ಸೂಚನೆ ಹೊರಡಿಸಿತು. ನಾವು ಕಾಕಮೆಗದ ಹೋಟೆಲಿನ ಗೇಟು ದಾಟಲಿಲ್ಲ. ಸಂಜೆಯ ಹೊತ್ತಿಗೆ ದೇಶದಾದ್ಯಂತ ಇಂಟರ್ನೆಟ್ ಕುಂಟತೊಡಗಿ ವಾಟ್ಸಾಪ್ ಸಂದೇಶಗಳು ಒಂದೇ ಗೀಟಿನಲ್ಲಿ ನಿಂತುಬಿಟ್ಟವು. ಊರಿನಲ್ಲಿ ಆಗಲೇ ರಾತ್ರಿ. ಟಿವಿಯಲ್ಲಿ ಹೊಗೆ, ಬೆಂಕಿ. ಮಕ್ಕಳ ಫೋನುಗಳು ಮೌನ. ಇತ್ತ ನಾನು ಹನ್ನೊಂದು ಹೆಸರು, 'ಎಲ್ಲರೂ ಕಾಕಮೆಗದಲ್ಲಿ, ಕ್ಷೇಮ, ನೈರೋಬಿಗೆ ಹೋಗಿಲ್ಲ' ಎಂಬ ಸಾಲು ಸೇರಿಸಿ ನಮ್ಮ ಸಹಾಯಕಿಗೆ ಎಸ್ಸೆಮ್ಮೆಸ್ ಕಳಿಸಿದೆ. ನಾಲ್ಕು ನಿಮಿಷಕ್ಕೆ "ಬಂತು ಮೇಡಂ, ಫೋನ್ ಮಾಡ್ತಾ ಇದೀನಿ" ಎಂದು ಉತ್ತರ ಬಂತು. ಅರ್ಧ ಗಂಟೆಯಲ್ಲಿ ಒಂಬತ್ತೂ ಮನೆಗಳಿಗೆ ಅವರು ಸುದ್ದಿ ಮುಟ್ಟಿಸಿದ್ದರು. ತುರುವೇಕೆರೆಯ ಮನೆಯಲ್ಲಿ ಫೋನ್ ಎತ್ತದಿದ್ದಾಗ ಹಾಳೆಯಲ್ಲಿದ್ದ ಎರಡನೆಯ ಸಂಖ್ಯೆಗೆ, ಅಂದರೆ ಪಕ್ಕದ ಮನೆಯ ಕಿರಾಣಿ ಅಂಗಡಿಗೆ, ಮಾಡಿ ಆ ತಂದೆಯನ್ನು ಎಬ್ಬಿಸಿದ್ದರು.

ಮರುದಿನ ಅಧ್ಯಕ್ಷ ವಿಲಿಯಂ ರುಟೊ ಮಸೂದೆಯನ್ನು ಹಿಂಪಡೆಯುವುದಾಗಿ ಘೋಷಿಸಿದರೂ ನಾವು 28ರವರೆಗೆ ಅಲ್ಲೇ ಉಳಿದು, ಕಿಸುಮುವಿನಿಂದ ವಿಮಾನದಲ್ಲಿ ನೈರೋಬಿಗೆ ಬಂದು, ನಗರದೊಳಗೆ ಕಾಲಿಡದೆ ನಿಲ್ದಾಣದ ಪಕ್ಕದ ವಸತಿಯಲ್ಲಿ ತಂಗಿ ಮುಂಬೈ ವಿಮಾನ ಹತ್ತಿದೆವು. ನೈರೋಬಿಯ ಸಂಶೋಧನಾ ಕೇಂದ್ರಗಳ ಭೇಟಿ ಪೂರ್ತಿ ತಪ್ಪಿತು.

ಮುಂಬೈಯಲ್ಲಿ ಇಮಿಗ್ರೇಷನ್ನಿಗೆ ಮುಂಚೆ ಆರೋಗ್ಯ ಇಲಾಖೆಯ ಮೇಜಿರುತ್ತದೆ. ಅಲ್ಲಿ ಹಳದಿ ಕಾರ್ಡು ಕೇಳಿದಾಗ ಅದೇ ಅಯ್ಯಂಗಾರ್ ಬೇಕರಿಯ ಹುಡುಗ ಬಿಳಿಚಿಕೊಂಡ. ಅಷ್ಟು ಕಷ್ಟಪಟ್ಟು ಪಡೆದ ಕಾರ್ಡು ಕಳೆದುಹೋಗಬಾರದೆಂದು ಅವನು ಅದನ್ನು ಲಗೇಜಿಗೆ ಹಾಕಿದ ಸೂಟ್‌ಕೇಸಿನ ತಳದಲ್ಲಿ, ಪಂಚೆಯ ಮಡಿಕೆಯೊಳಗೆ ಜೋಪಾನವಾಗಿಟ್ಟಿದ್ದ. ಸೂಟ್‌ಕೇಸು ಇರುವುದು ಇಮಿಗ್ರೇಷನ್ನಿನ ಆಚೆ. ಫೋನಿನಲ್ಲಿದ್ದ ಚಿತ್ರವನ್ನು ಅಧಿಕಾರಿ ಒಪ್ಪಲಿಲ್ಲ, ಅವರದು ತಪ್ಪೂ ಅಲ್ಲ. ವಿಮಾನ ಸಂಸ್ಥೆಯ ಸಿಬ್ಬಂದಿ ಆ ಪೆಟ್ಟಿಗೆಯನ್ನು ಹುಡುಕಿ ತರುವಷ್ಟರಲ್ಲಿ ಎರಡೂವರೆ ಗಂಟೆ ಕಳೆದು ಬೆಂಗಳೂರಿನ ವಿಮಾನ ತಪ್ಪಿತು. ಕಾರ್ಡನ್ನು ಪಾಸ್‌ಪೋರ್ಟಿನ ಹೊದಿಕೆಯೊಳಗೇ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಎಲ್ಲ ಮುಗಿಯಿತೆಂದುಕೊಂಡಿದ್ದೆ. ಜುಲೈ 9ರಂದು ಒಬ್ಬ ವಿದ್ಯಾರ್ಥಿನಿಗೆ ಚಳಿಜ್ವರ ಬಂತು. ಊರಿನ ಕ್ಲಿನಿಕ್ಕಿನಲ್ಲಿ ಮಳೆಗಾಲದ ವೈರಲ್ ಜ್ವರವೆಂದು ಚುಚ್ಚುಮದ್ದು ಕೊಟ್ಟು ಕಳಿಸಿದ್ದರು. ಅವಳ ಅಣ್ಣ ನಾವು ಕೊಟ್ಟಿದ್ದ ಹಾಳೆಯ ಹಿಂಬದಿಯನ್ನು ನೋಡಿ ನನಗೆ ಫೋನು ಮಾಡಿದ. ಅಲ್ಲಿ, 'ಹಿಂದಿರುಗಿದ ನಂತರ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆನೆಂದು ಮೊದಲು ಹೇಳಿ, ಅಂದೇ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ' ಎಂದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾ ಎಂದು ಸಂಜೆಗೇ ಗೊತ್ತಾಗಿ ಚಿಕಿತ್ಸೆ ಆರಂಭವಾಯಿತು, ಐದನೆಯ ದಿನ ಮನೆಗೆ ಬಂದಳು. ಮಾತ್ರೆ ನಿಲ್ಲಿಸಿದ್ದು ಯಾವಾಗ ಎಂದು ಕೇಳಿದೆ. "ಮುಂಬೈಲಿ ಇಳಿದ ದಿನವೇ ಮೇಡಂ, ಊರಿಗೆ ಬಂದ್ವಲ್ಲ ಅಂತ" ಎಂದಳು. ಅಂದು ರಾತ್ರಿ ಉಳಿದ ಎಂಟು ಮಂದಿಗೂ ಫೋನು ಮಾಡಿದೆ. ಮೂವರು ನಿಲ್ಲಿಸಿದ್ದರು. ಅವರನ್ನು ಮರುದಿನವೇ ವೈದ್ಯರಲ್ಲಿಗೆ ಕಳಿಸಿದೆ.

ಒಟ್ಟು ಖರ್ಚು ತಲಾ 1,28,000 ರೂಪಾಯಿ ಬಂದಿದೆ. ಅದರಲ್ಲಿ ಕಾಕಮೆಗದ ಹೆಚ್ಚುವರಿ ವಾಸ ಮತ್ತು ತಪ್ಪಿದ ವಿಮಾನದ ಬಾಬ್ತು ಸೇರಿದೆ. ನೈರೋಬಿಯ ಹೋಟೆಲು ಅರ್ಧ ಹಣ ಹಿಂದಿರುಗಿಸಿತು, ವಿಮಾ ಕಂಪನಿ ಪತ್ರಿಕಾ ವರದಿಗಳನ್ನೂ ಹೈಕಮಿಷನ್ ಸೂಚನೆಯ ಪ್ರತಿಯನ್ನೂ ಕೇಳಿದೆ. ಅಂಥ ಸೂಚನೆಗಳನ್ನು ಬಂದ ದಿನವೇ ಉಳಿಸಿಟ್ಟುಕೊಂಡಿರಿ. ಸಹಾಯಕಿಗೆ ಕೊಟ್ಟ ಫೋನು, ಸಿಮ್ಮು ಮತ್ತು ರೀಚಾರ್ಜಿನ 2,140 ರೂಪಾಯಿಯ ಬಿಲ್ಲನ್ನು ಲೆಕ್ಕಪತ್ರ ಶಾಖೆ ಯಾವ ಲೆಕ್ಕ ಶೀರ್ಷಿಕೆಯಡಿ ಭರಿಸಬೇಕೆಂದು ಸ್ಪಷ್ಟೀಕರಣ ಕೇಳಿ ನಿನ್ನೆ ವಾಪಸು ಕಳಿಸಿದೆ. ಉತ್ತರದ ಜೊತೆಗೆ ಜೂನ್ 25ರ ಆ ಎಸ್ಸೆಮ್ಮೆಸ್ಸಿನ ಮುದ್ರಿತ ಪ್ರತಿಯನ್ನು ಲಗತ್ತಿಸಿ ಇಂದು ಬೆಳಿಗ್ಗೆ ಕಡತವನ್ನು ಮೇಲಕ್ಕೆ ಕಳಿಸಿದ್ದೇನೆ.